ಕೌದಿ, ಕ್ವಿಲ್ಟ್, ಕಸೂತಿ: ತಿಂಗಳು ತಿಂಗಳ ಕೆಲಸ ಹೇಗೆ ಹೊಂದಿಸುತ್ತೀರಿ? ಅನುಭವ ಹೇಳಿ

ಶಿವಮೊಗ್ಗದಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಬಟ್ಟೆ ತುಂಡು ಜೋಡಿಸಿ ಹೊದಿಕೆ ಹೊಲಿಯುವ ಹುಚ್ಚು ಹತ್ತಿದೆ. ಈಗ ಕೈಯಲ್ಲಿ ಮೂರು ಕೆಲಸ ಇವೆ. ಮಗಳಿಗೆ ನಾಲ್ಕಡಿ ಅಗಲ, ಆರಡಿ ಉದ್ದದ ಚೌಕಗಳ ಕ್ವಿಲ್ಟ್, ಅಜ್ಜಿಯ ಹಳೇ ಕಾಟನ್ ಸೀರೆಗಳದ್ದೊಂದು ಕೌದಿ, ಮತ್ತೆ ಕಸೂತಿ ಹಾಕಿದ ದಿಂಬಿನ ಕವರ್. ಮೂರೂ ಸ್ವಲ್ಪ ಸ್ವಲ್ಪ ಆಗಿವೆ, ಯಾವುದೂ ಮುಗಿದಿಲ್ಲ. ತಿಂಗಳಿಗೆ ಇಷ್ಟು ಅಂತ ಲೆಕ್ಕ ಇಟ್ಟುಕೊಂಡು ಮಾಡುವವರು ಇದ್ದೀರಲ್ಲ, ಹೇಗೆ ಮಾಡುತ್ತೀರಿ? ಮಳೆ ಹಿಡಿದರೆ ಬಟ್ಟೆ ತಣ್ಣಗೆ ಒದ್ದೆ ಒದ್ದೆ ಇರುತ್ತದೆ, ಕರೆಂಟಿಲ್ಲ, ಬೆಳಕಿಲ್ಲ. ಆ ನಾಲ್ಕು ತಿಂಗಳು ಏನು ಮಾಡುತ್ತೀರಿ ಅನ್ನೋದನ್ನೂ ಹೇಳಿ.

ತೀರ್ಥಹಳ್ಳಿ ಕಡೆಯಿಂದ:

ಮೂರು ಕೆಲಸ ಒಟ್ಟಿಗೆ ಇಟ್ಟುಕೊಂಡಿದ್ದು ಒಳ್ಳೇದೇ ಆಯ್ತು. ಒಂದು ಮುಗಿಸಿಯೇ ಇನ್ನೊಂದು ಹಿಡಿಯಬೇಕು ಅಂತ ತುಂಬಾ ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಮ್ಮ ಕಡೆ ಹನ್ನೆರಡು ತಿಂಗಳೂ ಒಂದೇ ಥರದ ಕೆಲಸ ಸಾಗುವುದಿಲ್ಲ, ಅಲ್ವಾ? ಬಿಸಿಲಿಗೆ ಒಂದು ಕೆಲಸ, ಮಳೆಗೆ ಒಂದು ಕೆಲಸ ಅಂತ ಬೇರೆ ಬೇರೆ ಇದ್ದರೆ ಯಾವ ತಿಂಗಳೂ ಕೈ ಖಾಲಿ ಇರುವುದಿಲ್ಲ.

ನಾನು ಮಾಡುವುದು ಹೀಗೆ. ಫೆಬ್ರವರಿಯಿಂದ ಮೇ ವರೆಗೆ ಬಟ್ಟೆ ತೊಳೆಯುವುದು, ಒಣಗಿಸುವುದು, ಇಸ್ತ್ರಿ, ಕತ್ತರಿಸುವುದು, ಮೆಷಿನ್ನಿನಲ್ಲಿ ಜೋಡಿಸುವುದು. ಆರಿದ್ರಾ ಮಳೆ ಬರುವಷ್ಟರಲ್ಲಿ ಕತ್ತರಿ, ಇಸ್ತ್ರಿಪೆಟ್ಟಿಗೆ ಬೇಕಾಗುವ ಕೆಲಸ ಎಲ್ಲಾ ಮುಗಿದಿರಬೇಕು. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷಾ ಪೂರ್ತಿ ಜಗುಲಿಯಲ್ಲಿ ಕೂತು ಕೈಹೊಲಿಗೆ. ಅದಕ್ಕೆ ಒಂದು ಸೂಜಿ, ಒಂದು ದಾರ, ಕಿಟಕಿ ಬೆಳಕು ಸಾಕು. ಅಡಿಕೆ ಕೊಯ್ಲು ಶುರುವಾದ ಮೇಲೆ ಜನವರಿ ತನಕ ಲೆಕ್ಕಕ್ಕೇ ಹಿಡಿಯಬೇಡಿ. ತೋಟ ಇಲ್ಲದ ಮನೆಯವರಿಗೆ ಈ ಮಾತು ಬೇಕಾಗಿಲ್ಲ, ಆದರೆ ತೋಟ ಇರುವವರು ಆ ತಿಂಗಳುಗಳಿಗೂ ಗುರಿ ಇಟ್ಟುಕೊಂಡು ಸುಮ್ನೆ ಬೇಜಾರು ಮಾಡಿಕೊಳ್ಳುವುದು ನೋಡಿದ್ದೇನೆ.

ಈಗ ನಿಮ್ಮ ಮಗಳ ಕ್ವಿಲ್ಟ್. ನಾಲ್ಕಡಿ ಅಂದರೆ 48 ಇಂಚು, ಆರಡಿ ಅಂದರೆ 72. ಹೊಲಿದ ಮೇಲೆ 6 ಇಂಚು ಉಳಿಯುವ ಚೌಕ ಇಟ್ಟರೆ ಅಗಲಕ್ಕೆ 8, ಉದ್ದಕ್ಕೆ 12, ಒಟ್ಟು 96 ಚೌಕ. ಎಲ್ಲಾ ಕಡೆ ಕಾಲಿಂಚು ಹೊಲಿಗೆಗೆ ಹೋಗುವುದರಿಂದ ಕತ್ತರಿಸುವಾಗ ಆರೂವರೆ ಇಂಚು ಇಡಿ. 44 ಇಂಚು ಪನ್ನದ (ಅಂದರೆ ಬಟ್ಟೆಯ ಅಗಲದ) ಬಟ್ಟೆಯಲ್ಲಿ ಅಗಲಕ್ಕೆ 6 ಚೌಕ ಕೂರುತ್ತವೆ, ಹಾಗಾಗಿ ಹದಿನಾರು ಪಟ್ಟಿ, ಅಂದರೆ 104 ಇಂಚು. ಕುಗ್ಗುವುದಕ್ಕೆಲ್ಲ ಸೇರಿ ಮೂರು ಮೀಟರ್ ಬಟ್ಟೆ ಸಾಕು. ಟೈಲರ್ ಅಂಗಡಿಯಿಂದ ಚೂರು ತರುವವರಾದರೆ ಆರೂವರೆ ಇಂಚಿನ ರಟ್ಟಿನ ಅಚ್ಚು ಮಾಡಿಕೊಂಡು, ಅದು ಕೂರುವ ಚೂರುಗಳನ್ನೇ ಆರಿಸಿ.

ತಿಂಗಳ ಲೆಕ್ಕ ಇಲ್ಲಿಂದಲೇ ಬರುತ್ತದೆ. ಉದ್ದಕ್ಕೆ 12 ಚೌಕದ ಒಂದು ಸಾಲು, ಅಂಥ 8 ಸಾಲು. ತಿಂಗಳಿಗೆ ಒಂದು ಸಾಲು ಅಂದರೂ ಎಂಟು ತಿಂಗಳಲ್ಲಿ ಮೇಲ್ಪದರ ಮುಗಿಯಿತು. ಬೇಸಿಗೆಯಲ್ಲಿ ಮೆಷಿನ್ ಹಾಕಿ ನಾಲ್ಕು ಸಾಲು ಮಾಡಿ, ಉಳಿದ ನಾಲ್ಕನ್ನು ಕತ್ತರಿಸಿಟ್ಟುಕೊಂಡು ಮಳೆಗಾಲದಲ್ಲಿ ಕೈಯಲ್ಲೇ ಜೋಡಿಸಿ. ಒಂದೊಂದು ಸಾಲಿನ ಹನ್ನೆರಡು ಚೌಕಗಳನ್ನು ಜೋಡಿಸುವ ಕ್ರಮದಲ್ಲೇ ಪೇರಿಸಿ, ಮಧ್ಯ ಒಂದು ದಾರ ಹಾಯಿಸಿ, ಮೇಲೆ ಸಾಲಿನ ನಂಬರಿನ ಚೀಟಿ ಹಾಕಿಡಿ. ಬಿಡುವು ಸಿಕ್ಕಾಗ ಆ ಕಟ್ಟು ತೆಗೆದರೆ ಆಯ್ತು, ಯಾವ ಬಣ್ಣದ ಪಕ್ಕ ಯಾವ ಬಣ್ಣ ಅಂತ ಮತ್ತೆ ಹರಡಿಕೊಂಡು ಕೂರಬೇಕಾಗಿಲ್ಲ.

ಒಂದೇ ಎಚ್ಚರ: ಕಾಲಿಂಚು ಅಂದರೆ ಕಾಲಿಂಚೇ. ಒಂದೊಂದು ಹೊಲಿಗೆಯಲ್ಲಿ ಎರಡೂ ಬಟ್ಟೆಯಿಂದ ಒಂದು ಮಿಲಿಮೀಟರ್ ಜಾಸ್ತಿ ಹೋದರೂ ಒಂದು ಚೌಕಕ್ಕೆ ಎರಡು ಮಿಲಿಮೀಟರ್ ಕಮ್ಮಿ. ಹನ್ನೆರಡು ಚೌಕದ ಸಾಲಿಗೆ ಹತ್ತಿರ ಹತ್ತಿರ ಒಂದಿಂಚು. ಮೆಷಿನ್ನಿನ ಸಾಲು, ಕೈಯಿನ ಸಾಲು ಪಕ್ಕ ಪಕ್ಕ ಇಟ್ಟಾಗ ಈ ಒಂದಿಂಚು ಕಣ್ಣಿಗೆ ಹೊಡೆಯುತ್ತದೆ. ಮೆಷಿನ್ನಿನ ಪಾದದ ಬಲಕ್ಕೆ, ಸೂಜಿಯಿಂದ ಸರಿಯಾಗಿ ಕಾಲಿಂಚು ದೂರಕ್ಕೆ ಬಣ್ಣದ ಟೇಪ್ ಅಂಟಿಸಿ. ಕೈಯಲ್ಲಿ ಹೊಲಿಯುವ ಚೌಕಗಳಿಗೆ ಹಿಂಬದಿಯಲ್ಲಿ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಇನ್ನೊಂದು, ಒಂದನೇ ಸಾಲಿನ ಹೊಲಿಗೆಗಳನ್ನೆಲ್ಲ ಮೇಲ್ಮುಖ ಮಡಚಿ ಇಸ್ತ್ರಿ ಮಾಡಿದರೆ ಎರಡನೇ ಸಾಲಿನದ್ದು ಕೆಳಮುಖ ಮಾಡಿ. ಎರಡು ಸಾಲು ಸೇರಿಸುವಾಗ ಮೂಲೆಗಳು ಒಂದಕ್ಕೊಂದು ತಾನಾಗೇ ಕಚ್ಚಿಕೊಂಡು ಕೂರುತ್ತವೆ. ಬೆರಳಿಗೆ ಗೊತ್ತಾಗುತ್ತದೆ ಅದು. ಕರೆಂಟ್ ಇಲ್ಲದ ದಿನ ಚಮಚದ ಬೆನ್ನಿನಿಂದ ಉಜ್ಜಿ ಮಡಿಕೆ ಕೂರಿಸಬಹುದು.

ಸಾಗರದಿಂದ:

ಮೇಲಿನವರ ಲೆಕ್ಕ ಸರಿ ಇದೆ. ನಾನು ಬಟ್ಟೆ ವಿಷಯ ಮಾತ್ರ ಹೇಳುತ್ತೇನೆ. ಕತ್ತರಿಸುವ ಮೊದಲು ಎಲ್ಲಾ ಬಟ್ಟೆ ತೊಳೆದುಬಿಡಿ, ಹೊಸದಾಗಲಿ ಹಳೇದಾಗಲಿ. ಕೆಂಪು, ಕಡುನೀಲಿ ಇದ್ದರೆ ಒಂದು ಬಿಳಿ ಚಿಂದಿ ಜೊತೆ ಬಿಸಿನೀರಲ್ಲಿ ನೆನೆಸಿಡಿ, ಬಿಳಿಗೆ ಬಣ್ಣ ಹತ್ತಿದರೆ ಮತ್ತೆ ತೊಳೆಯಿರಿ. ಹತ್ತುವುದು ನಿಲ್ಲದೇ ಇದ್ದರೆ ಆ ಬಟ್ಟೆ ಕ್ವಿಲ್ಟಿಗೆ ಬೇಡ. ಉಪ್ಪು ಹಾಕಿ, ವಿನಿಗರ್ ಹಾಕಿ ಬಣ್ಣ ನಿಲ್ಲುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅಂಗಡಿ ಕಾಟನ್ನಿಗೆ ಅದನ್ನು ನಂಬಿಕೊಂಡು ಬಿಳಿ ಪಕ್ಕ ಕೆಂಪು ಇಡಬೇಡಿ.

ನಮ್ಮಲ್ಲಿ ಹೆಗ್ಗೋಡು ಹತ್ತಿರ ಭೀಮನಕೋಣೆಯಲ್ಲಿ ಚರಕ ಇದೆಯಲ್ಲ, ಹೆಣ್ಣುಮಕ್ಕಳೇ ನಡೆಸುವ ಕೈಮಗ್ಗದ ಸಂಘ, ಅಲ್ಲಿಯ ಸಹಜ ಬಣ್ಣದ ಬಟ್ಟೆ ಕೈಹೊಲಿಗೆಗೆ ನನಗೆ ತುಂಬಾ ಇಷ್ಟ. ಸೂಜಿ ಸಲೀಸಾಗಿ ಇಳಿಯುತ್ತದೆ. ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ ಬಣ್ಣ ಅಂತೂ ನಮ್ಮ ಮಣ್ಣಿನದ್ದೇ ಬಣ್ಣ, ಪಕ್ಕದಲ್ಲಿ ಯಾವ ಬಣ್ಣ ಇಟ್ಟರೂ ಹೊಂದುತ್ತದೆ. ಆದರೆ ಇಂಥ ಬಟ್ಟೆಯನ್ನು ಖಾರದ ಸೋಪಿನಲ್ಲಿ ತೊಳೆಯಬೇಡಿ, ಒಣಗಿಸುವುದೂ ನೆರಳಲ್ಲೇ. ಚೊಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ, ಹಾಗಾಗಿ ತುಕ್ಕು ಹಿಡಿದ ತಂತಿ ಮೇಲೆ ಹರವಬಾರದು, ತುಕ್ಕಿನ ಗುಂಡುಪಿನ್ನು ಚುಚ್ಚಬಾರದು. ಅಡಿಕೆ ಸುಲಿದ ಕೈಯಲ್ಲಿ ಬಿಳಿ ಬಟ್ಟೆ ಮುಟ್ಟಬಾರದು ಅನ್ನೋದು ನಿಮಗೆ ಹೇಳಬೇಕಾಗಿಲ್ಲ, ಆ ಕರೆ ಹೋಗುವುದೇ ಇಲ್ಲ.

ಹೊಲಿಗೆಗೆ ಏನು ವಿನ್ಯಾಸ ಅಂತ ಯೋಚಿಸುತ್ತಿದ್ದರೆ ಹಸೆ ಚಿತ್ತಾರ ನೋಡಿ. ನಮ್ಮ ಕಡೆ ದೀವರ ಸಮುದಾಯದವರ ಮನೆಗಳ ಗೋಡೆಯಲ್ಲಿ, ಭೂಮಿ ಹುಣ್ಣಿಮೆಯ ಬುಟ್ಟಿಯಲ್ಲಿ ಹೆಂಗಸರು ಬರೆಯುತ್ತಾರಲ್ಲ, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಅದರಲ್ಲಿ ನೇರ ಗೆರೆ, ಅಡ್ಡ ಗೆರೆ, ತ್ರಿಕೋನಗಳೇ ಜಾಸ್ತಿ ಇರುವುದರಿಂದ ರನ್ನಿಂಗ್ ಸ್ಟಿಚ್ಚಿಗೆ ಹೇಳಿ ಮಾಡಿಸಿದ ಹಾಗಿದೆ. ಕಂದುಗೆಂಪು ಬಟ್ಟೆ ಮೇಲೆ ಬಿಳಿ ದಾರದಲ್ಲಿ ಮಾಡಿ ನೋಡಿ. ಮಾಡಿದರೆ ಅದು ಯಾರ ಕಲೆ ಅಂತ ಹೆಸರು ಹೇಳಿಯೇ ತೋರಿಸಿ.

ಹೊಸನಗರದಿಂದ:

ತುಳಿಯುವ ಮೆಷಿನ್ ಇದ್ದರೆ ಮಾರಬೇಡಿ. ಕರೆಂಟ್ ಇಲ್ಲದ ವಾರದಲ್ಲೂ ಓಡುತ್ತದೆ. ಮಳೆಗಾಲದಲ್ಲಿ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ಏಳಬೇಡಿ, ತುಕ್ಕಿನ ಚುಕ್ಕೆ ಬೀಳುತ್ತದೆ. ಮೆಷಿನ್ ಎಣ್ಣೆ ಸವರಿದ ಚೂರು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಹೊಲಿಯುವ ಮುಂಚೆ ಒರೆಸಿಕೊಳ್ಳಿ. ಮತ್ತೆ, ಎತ್ತಿಡುವ ಬಟ್ಟೆಗೆ ಗಂಜಿ ಹಾಕಲೇಬೇಡಿ. ಬೂಸ್ಟು ಮೊದಲು ಹಿಡಿಯುವುದು ಗಂಜಿ ಬಟ್ಟೆಗೇ, ಬೆಳ್ಳಿ ಹುಳ ಬರುವುದೂ ಅದಕ್ಕೇ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತದೆ. ಹಳೇ ದಿಂಬಿನ ಚೀಲದಲ್ಲಿಟ್ಟು ಒಂದು ಹಿಡಿ ಲಾವಂಚದ ಬೇರು ಹಾಕಿ, ಬಿಸಿಲು ಇಣುಕಿದ ದಿನ ತೆಗೆದು ಗಾಳಿಗೆ ಹರವಿ.

ಸೊರಬದಿಂದ (ತವರು ಯಲ್ಲಾಪುರ):

ಕೌದಿ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನನ್ನ ಪ್ರಕಾರ ಮಳೆಗಾಲದ ಕೆಲಸ ಅಂದರೆ ಕೌದಿಯೇ. ಮಡಿಲ ಮೇಲೆ ಹರಡಿಕೊಂಡರೆ ಹೊಲಿಯುತ್ತಾ ಹೊಲಿಯುತ್ತಾ ಮೈಯೂ ಬೆಚ್ಚಗಾಗುತ್ತದೆ.

ಐದೂವರೆ ಮೀಟರ್ ಸೀರೆಯನ್ನು ಮೂರು ಪಾಲು ಮಾಡಿದರೆ ಒಂದೊಂದು ಪಾಲು ಆರಡಿ ಉದ್ದ ಬರುತ್ತದೆ. ಅಂದರೆ ಒಂದು ಸೀರೆಗೆ ಮೂರು ಪದರ. ಕೈಹೊಲಿಗೆಗೆ ನಾಲ್ಕು ಪದರ ಹಿತ, ಆರಾದರೆ ಬೆರಳು ನೋಯುತ್ತದೆ, ಅಂಗುಸ್ತಾನ (ಬೆರಳಿಗೆ ಹಾಕುವ ಟೋಪಿ) ಇಲ್ಲದೆ ಆಗುವುದಿಲ್ಲ. ಜರಿ ಅಂಚು ಬಿಚ್ಚಿಬಿಡಿ, ಮೈಗೆ ಚುಚ್ಚುತ್ತದೆ. ಹರಿದ ಜಾಗ ಇದ್ದರೆ ಆ ಪದರ ಒಳಗೆ ಹೋಗಲಿ. ಪದರಗಳನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಂಡು ಆಮೇಲೆ ಶುರು ಮಾಡಿ. ಈ ಕಚ್ಚಾ ಹೊಲಿಗೆಗೆ ಒಂದು ದಿನ ಹೋದರೆ ಹೋಗಲಿ, ಇದು ಗಟ್ಟಿ ಇದ್ದರೆ ಪದರ ಜಾರುವುದಿಲ್ಲ.

ನಮ್ಮ ತವರಿನ ಕಡೆ, ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಬೇಕು ನೀವು. ಅವರು ಮೊದಲು ಚೌಕಗಳನ್ನು ಜೋಡಿಸಿ ಮೇಲ್ಪದರ ಮಾಡುವುದಿಲ್ಲ. ಕೆಳಗೆ ಸೀರೆ ಹಾಸಿಕೊಂಡು, ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಸುತ್ತುತ್ತಾ, ತುಂಡಿನ ಮೇಲೆ ತುಂಡು ಇಟ್ಟು, ಅಂಚು ಒಳಗೆ ಮಡಚಿ, ತೇಪೆ ಹಾಕುವುದೂ ಹೊಲಿಯುವುದೂ ಒಟ್ಟಿಗೇ ಮಾಡುತ್ತಾ ನಡುವಿಗೆ ಬರುತ್ತಾರೆ. ಹಾಗಾಗಿ ಹೊಲಿಗೆ ಸಾಲು ಚೌಕಾಕಾರದಲ್ಲಿ ಒಳಗೊಳಗೆ ಸುತ್ತಿಕೊಂಡು ಹೋಗಿರುತ್ತದೆ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಬಟ್ಟೆ ಇಡುತ್ತಾರೆ, ಫುಲಾ ಅಂತ. ಅದಿಲ್ಲದ ಕೌದಿ ಪೂರ್ತಿಯಾಗಿಲ್ಲ ಅಂತಲೇ ಲೆಕ್ಕ.

ತಿಂಗಳ ಲೆಕ್ಕಕ್ಕೂ ಈ ಕ್ರಮ ಒಳ್ಳೇದು. ಈ ತಿಂಗಳು ಹೊರಗಿನ ಎರಡು ಸುತ್ತು, ಬರುವ ತಿಂಗಳು ಇನ್ನೆರಡು. ಒಳಗೆ ಬಂದ ಹಾಗೆಲ್ಲಾ ಸುತ್ತು ಚಿಕ್ಕದಾಗುತ್ತದೆ, ಕೆಲಸ ಬೇಗ ಸಾಗುತ್ತದೆ, ಅದರಿಂದಲೇ ಉಮೇದು ಬರುತ್ತದೆ. ಆದರೆ ಮುಗಿದ ಕೌದಿ ತೊಳೆಯುವುದು ಮಾರ್ಚ್ ನಂತರವೇ. ನಾಲ್ಕು ಪದರ ಮಳೆಗಾಲದಲ್ಲಿ ಒಣಗುವ ಮಾತೇ ಇಲ್ಲ.

ಶಿವಮೊಗ್ಗದಿಂದ, ಇನ್ನೊಬ್ಬರು (ಊರು ಧಾರವಾಡ):

ಕಸೂತಿ ನಾನು ಹೇಳುತ್ತೇನೆ. ಇದು ಎಳೆ ಎಣಿಸುವ ಕೆಲಸ, ಬೆಳಕು ಬೇಕೇ ಬೇಕು. ಹಾಗಾಗಿ ಕಾರ್ಮೋಡದ ದಿನಕ್ಕೆ ಕಪ್ಪು ಬಟ್ಟೆ ಇಟ್ಟುಕೊಳ್ಳಬೇಡಿ. ತಿಳಿ ಬಣ್ಣದ, ಎಳೆ ಕಣ್ಣಿಗೆ ಕಾಣುವ ಬಟ್ಟೆ ಇರಲಿ. ಆರೆಳೆಯ ದಾರದಲ್ಲಿ ಒಂದೋ ಎರಡೋ ಎಳೆ ಬಿಡಿಸಿ, ಒಂದೂವರೆ ಅಡಿಗಿಂತ ಉದ್ದ ಬೇಡ, ಗಂಟಾಗುತ್ತದೆ.

ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ಥರದ ಹೊಲಿಗೆ ಇದೆ. ಒಟ್ಟಿಗೆ ಕಲಿಯಲು ಹೋಗದೆ ಗವಂತಿಯಿಂದ ಹಿಡಿಯಿರಿ. ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗುವುದು, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ಕೊನೆಗೆ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಗಂಟು ಹಾಕುವ ಹಾಗಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಿ ಮುಚ್ಚಬೇಕು. ತಿಂಗಳಿಗೆ ಒಂದು ಬುಟ್ಟಾ ಸಾಕು, ಒಂದು ತುಳಸಿಕಟ್ಟೆ, ಇಲ್ಲ ಒಂದು ಗೋಪುರ. ಎಣಿಕೆಯಲ್ಲಿ ಎಲ್ಲಿ ನಿಲ್ಲಿಸಿದಿರಿ ಅನ್ನೋದನ್ನು ಚೌಕದ ಕಾಗದದಲ್ಲಿ ಗುರುತು ಹಾಕಿಯೇ ಏಳಿ.

ಶಿವಮೊಗ್ಗದಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಮೇ ತಿಂಗಳು. ಬಿಸಿಲು ಇರುವಾಗಲೇ ಚೌಕಗಳನ್ನೆಲ್ಲ ತೊಳೆದು, ಕತ್ತರಿಸಿ, ಸಾಲು ಸಾಲು ಕಟ್ಟಿಡುತ್ತೇನೆ. ಜೂನ್‌ನಿಂದ ಅಜ್ಜಿ ಸೀರೆ ಕೌದಿ, ಬೆಳಕಿರುವ ಮಧ್ಯಾಹ್ನ ಕಸೂತಿ. ಒಂದೇ ಪ್ರಶ್ನೆ ಉಳಿಯಿತು, ಕ್ವಿಲ್ಟಿಗೆ ಕೆಳಗಿನ ಅಸ್ತರು ಮತ್ತು ಸುತ್ತ ಪಟ್ಟಿಗೆ ಎಷ್ಟು ಬಟ್ಟೆ ತರಲಿ? ಗಾಂಧಿ ಬಜಾರಿಗೆ ಹೋಗುವುದಿದೆ.

ತೀರ್ಥಹಳ್ಳಿ ಕಡೆಯಿಂದ:

ಅಸ್ತರು ಮೇಲ್ಪದರಕ್ಕಿಂತ ಎಲ್ಲಾ ಕಡೆ ಮೂರಿಂಚು ಜಾಸ್ತಿ ಇರಲಿ, ಹೊಲಿಯುತ್ತಾ ಹೋದ ಹಾಗೆ ಮೇಲ್ಪದರ, ಅಸ್ತರು ಎರಡೂ ಸರಿಯುತ್ತವೆ. ಅಂದರೆ 54 ಇಂಚು, 78 ಇಂಚು. 44 ಇಂಚು ಪನ್ನದಲ್ಲಿ ಅಗಲ ಸಾಲದು, ಜೋಡಿಸಬೇಕಾಗುತ್ತದೆ. ಅದರ ಬದಲು ಮನೆಯಲ್ಲಿ 60ಕ್ಕೆ 90 ಇಂಚಿನ ಹಳೇ ಕಾಟನ್ ಬೆಡ್‌ಶೀಟ್ ಇದ್ದರೆ ಅದನ್ನೇ ಹಾಕಿ, ತೊಳೆದು ತೊಳೆದು ಮೆತ್ತಗಾಗಿದ್ದರೆ ಇನ್ನೂ ಒಳ್ಳೇದು. ಹೊಸ ಬೆಡ್‌ಶೀಟ್ ನೇಯ್ಗೆ ಒತ್ತಾಗಿರುತ್ತದೆ, ಕೈಸೂಜಿ ಇಳಿಯುವುದಿಲ್ಲ. ಸುತ್ತಳತೆ 240 ಇಂಚು ಆಗುತ್ತದೆ. ಎರಡೂವರೆ ಇಂಚು ಅಗಲದ ಏಳು ಪಟ್ಟಿ ಕತ್ತರಿಸಿ ಉದ್ದಕ್ಕೆ ಜೋಡಿಸಿ, ಎರಡಾಗಿ ಮಡಚಿ ಹೊಲಿಯಿರಿ. ಅರ್ಧ ಮೀಟರ್ ಸಾಕು. ಮಗಳು ದಿನಾ ಹೊದೆಯುವುದಾದರೆ ಪಟ್ಟಿಗೆ ಕಡು ಬಣ್ಣ ತನ್ನಿ, ಮೊದಲು ಮಾಸುವುದು ಅಂಚೇ.