ಚಿರತೆ ತೋಟಕ್ಕೆ ಬರುತ್ತೆ, ಸೀಳುನಾಯಿ ಯಾಕೆ ಬರಲ್ಲ?

ಪ್ರಶ್ನೆ (ಕಾಫಿ ಬೆಳೆಗಾರರು, ಸಕಲೇಶಪುರ ಕಡೆ):
ಮೇಡಂ ನಮಸ್ಕಾರ. ನಮ್ದು ರೋಬಸ್ಟಾ ಕಾಫಿ ತೋಟ, ಒಂದು ಬದಿ ರಿಸರ್ವ್ ಫಾರೆಸ್ಟು, ಇನ್ನೊಂದು ಬದಿ ಅಕೇಶಿಯಾ ಪ್ಲಾಂಟೇಶನ್. ತೋಟದ ರೋಡಲ್ಲಿ ಚಿರತೆ ಹೆಜ್ಜೆ ಆಗಾಗ ಸಿಗುತ್ತೆ, ಕಣದ ಹತ್ರ ಕಬ್ಬೆಕ್ಕಿನ (ಪುನುಗು ಬೆಕ್ಕಿನ ಜಾತಿ) ಹಿಕ್ಕೇಲಿ ಕಾಫಿ ಬೀಜ ಸಿಗುತ್ತೆ, ಆದ್ರೆ ನಮ್ಮಜ್ಜ ಹೇಳ್ತಿದ್ದ ಸೀಳುನಾಯಿ (ಕಾಡುನಾಯಿ) ಹಿಂಡು ಮಾತ್ರ ನಾನು ತೋಟದೊಳಗೆ ನೋಡೇ ಇಲ್ಲ. ಮೂರು ಕಡೇನೂ ಮರಾನೇ ಅಲ್ವಾ, ಮತ್ತೆ ಯಾಕೆ ಹೀಗೆ? ಪಕ್ಕದ ತೋಟದವ್ರು ಚಿರತೇನ ಬೋನಿಟ್ಟು ಹಿಡಿಸಿ ದೂರದ ಕಾಡಿಗೆ ಬಿಡ್ಸೋಣ ಅಂತಿದಾರೆ, ಅದೂ ಸರೀನಾ ಹೇಳಿ.

ಉತ್ತರ (ವನ್ಯಜೀವಿ ಸಂಶೋಧಕಿ):
ನಮಸ್ಕಾರ ಸಾರ್. ಪ್ರಾಣಿ ಲೆಕ್ಕ ಹಾಕೋದು ಮರ ಇದೆಯಾ ಅಂತಲ್ಲ, ತಿನ್ನೋಕೇನಿದೆ, ಹಗಲು ಎಲ್ಲಿ ಮಲಗ್ಲಿ, ಮರಿ ಎಲ್ಲಿ ಇಡ್ಲಿ, ಇಷ್ಟೇ. ನಾಗರಹೊಳೆ ಒಳಗೇ ತೇಗದ ಪ್ಲಾಂಟೇಶನ್ ಇವೆ, ಹುಲಿ, ಚಿರತೆ, ಸೀಳುನಾಯಿ ಮೂರೂ ಅಲ್ಲಿವೆ, ಯಾಕಂದ್ರೆ ಸುತ್ತ ಕಾಡಿದೆ, ಜಿಂಕೆ ಕಡವೆ ಕಾಟಿ ಇವೆ. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತೆ ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಬರೆದಿದ್ರಲ್ಲಿ ನಾಗರಹೊಳೆ ಹುಲಿ 176 ಕೆಜಿಗಿಂತ ದೊಡ್ಡ ಬೇಟೆ ಇಷ್ಟಪಡ್ತಿತ್ತು, ಚಿರತೆ ಸೀಳುನಾಯಿ ಎರಡೂ 30ರಿಂದ 175 ಕೆಜಿ ಒಳಗಿಂದು. ಅಂದ್ರೆ ಕಾಡಲ್ಲಿ ಇವೆರಡರ ಊಟ ಹೆಚ್ಚುಕಮ್ಮಿ ಒಂದೇ ಸೈಜು. ಆದ್ರೆ ತೋಟಕ್ಕೆ ಬಂದ್ರೆ ಚಿರತೆ ಒಂಟಿ, ಮೊಲ, ಕಾಡುಕುರಿ, ಆಳುಗಳ ಲೈನ್ ಮನೆ ನಾಯಿ ಏನ್ ಸಿಕ್ರೂ ನಡೆಯುತ್ತೆ, ರಾತ್ರಿ ನಿಮ್ಮ ಜೀಪ್ ರೋಡಲ್ಲೇ ಓಡಾಡಿ ಹಗಲು ಹಳ್ಳದ ಬಂಡೆ ಸಂದೀಲಿ ಮಲಗುತ್ತೆ. ಸೀಳುನಾಯಿಗೆ ಇಡೀ ಹಿಂಡಿನ ಹೊಟ್ಟೆ ತುಂಬ್ಬೇಕು, ಬೇಟೆ ಆಡೋದು ಹಗಲು, ಅದೇ ಹೊತ್ತಲ್ಲಿ ನಿಮ್ಮ ಆಳುಗಳು ತೋಟದಲ್ಲಿರ್ತಾರೆ. ಇನ್ನೊಂದು ವಿಷಯ ಯಾರೂ ಯೋಚ್ನೆ ಮಾಡಲ್ಲ, ಅದು ಮರಿ ಹಾಕೋದು ಚಳಿಗಾಲದಲ್ಲಿ, ನಮ್ಮ ಕಾಫಿ ಕುಯ್ಲೂ ಅದೇ ಟೈಮು! ಅಷ್ಟು ಗಲಾಟೇಲಿ ಗೂಡು ಮಾಡೋದು ಕಷ್ಟ. ಕಾಡಂಚಲ್ಲಿ ಹಾದು ಹೋಗ್ಬಹುದು, ನಿಲ್ಲಲ್ಲ.

ಅಕೇಶಿಯಾ ಬಗ್ಗೆ ಜಾಸ್ತಿ ಹೇಳೋದಿಲ್ಲ, ಕೆಳಗೆ ಒಣಗಿದೆಲೆ ಹಾಸು, ಹಣ್ಣಿಲ್ಲ, ಹುಲ್ಲು ಕಮ್ಮಿ. ಅದು ಹೆಚ್ಚಾಗಿ ದಾರಿ ಮಾತ್ರ.

ಬೋನಿನ ವಿಷಯ: ದಯವಿಟ್ಟು ಬೇಡ. ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ ಹಿಡಿದು ಬೇರೆಕಡೆ ಬಿಟ್ಟು ನೋಡಿದಾರೆ, ಜನರ ಮೇಲೆ ದಾಳಿ ಕಮ್ಮಿ ಆಗೋದಿರ್ಲಿ, ಹೆಚ್ಚಾಯ್ತು ಅಂತ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಅವರ ತಂಡ 2011ರಲ್ಲಿ ಬರೀತು. ಜಾಗ ಗೊತ್ತಿಲ್ಲದ ಚಿರತೆ ಇನ್ನೂ ಅಪಾಯ. ಇಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದೇ ಬರುತ್ತೆ. ನಾಯಿ ಕರುಗಳನ್ನ ರಾತ್ರಿ ಒಳಗೆ ಕಟ್ಟಿ, ಅದು ಸಾಕು.

ಇನ್ನೊಬ್ಬ ಸದಸ್ಯರು:
ಅಕ್ಕಾ, ನಮ್ದು ಪೂರ್ತಿ ಸಿಲ್ವರ್ ಓಕ್, ಮೆಣಸು ಹಬ್ಬಿಸೋಕೆ ಅನುಕೂಲ ಅಂತ. ಕಬ್ಬೆಕ್ಕು ಮೊದ್ಲಿನಷ್ಟು ಕಾಣಲ್ಲ, ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ:
ಇರಬಹುದು. ಕಬ್ಬೆಕ್ಕು ಹೆಸರಿಗೆ ಮಾಂಸಾಹಾರಿಗಳ ಗುಂಪು, ಹೊಟ್ಟೆ ತುಂಬಿಸೋದು ಹೆಚ್ಚಾಗಿ ಹಣ್ಣು. ಬಗನಿ, ಅತ್ತಿ, ಬಸರಿ ಹಣ್ಣಿದ್ರೆ ಅದು ಇರುತ್ತೆ. ಸಿಲ್ವರ್ ಓಕ್ ಆಸ್ಟ್ರೇಲಿಯಾ ಮರ, ಅದರ ಬೀಜ ಗಾಳೀಲಿ ಹಾರೋದು, ತಿನ್ನೋ ತಿರುಳೇ ಇಲ್ಲ. ಪಶ್ಚಿಮ ಘಟ್ಟ ಬಿಟ್ರೆ ಜಗತ್ತಲ್ಲಿ ಎಲ್ಲೂ ಇಲ್ಲದ ಕಂದು ಕಬ್ಬೆಕ್ಕಂತೂ ಹಗಲೆಲ್ಲ ಮರದ ಪೊಟರೇಲಿ, ಬಳ್ಳಿ ಗೊಂಚಲಲ್ಲಿ, ಕೆಂದಳಿಲಿನ ಹಳೇ ಗೂಡಲ್ಲಿ ಮಲಗುತ್ತೆ. ಮರಗಸಿ (ನೆರಳು ಮರ ಸವರೋದು) ಮಾಡೋವಾಗ ಪೊಟರೆ ಇರೋ ಹಳೇ ಮರಾನೇ ಮೊದ್ಲು ಉರುಳುತ್ತಲ್ಲಾ, ಅಲ್ಲಿಗೆ ಅದರ ಮನೆ ಹೋಯ್ತು. ಓಕ್ ಕಿತ್ತು ಹಾಕಿ ಅಂತ ನಾನೇನು ಹೇಳಲ್ಲ, ಹಳ್ಳದ ಎರಡೂ ದಡದ ಕಾಡುಮರ ಬಿಡಿ, ಒಣಗಿದ ಮರ ಕೆಲವಾದ್ರೂ ನಿಲ್ಲಲಿ.

ಮತ್ತೆ ಹಂದಿ ಹಿಡಿಯೋಕೆ ಅಂತ ಬೇಲಿಗೆ ಕ್ಲಚ್ ವೈರಿನ ಉರುಳು ಹಾಕೋದು ನಿಲ್ಲಿಸ್ಬೇಕು. ಚಿರತೆ ಸೊಂಟಕ್ಕೆ ಸಿಕ್ಕು ಒದ್ದಾಡಿದಷ್ಟೂ ವೈರ್ ಬಿಗಿಯುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಯಾರೋ ಹಾಕಿದ್ರೂ ಮೊದ್ಲು ವಿಚಾರಣೆ ನಡೆಯೋದು ತೋಟದ ಮಾಲೀಕರದ್ದೇ.

ಮೊದಲು ಕೇಳಿದವರು:
ಥ್ಯಾಂಕ್ಸ್ ಮೇಡಂ. ಒಂದೇ ಚಿರತೇನಾ ಎರಡಾ ಅಂತ ತಿಳ್ಕೊಳೋಕೆ ಕ್ಯಾಮೆರಾ ಎಲ್ಲಿ ಕಟ್ಟೋದು?

ಉತ್ತರ:
ರೋಡು ಕವಲಾಗೋ ಕಡೆ, ಮೊಣಕಾಲೆತ್ತರಕ್ಕೆ, ರೋಡಿನ ಆ ಕಡೆ ಒಂದು ಈ ಕಡೆ ಒಂದು. ಚಿರತೆಯ ಎಡಗಡೆ ಚುಕ್ಕೆ ಬೇರೆ, ಬಲಗಡೆ ಬೇರೆ, ಎರಡೂ ಬದಿ ಫೋಟೋ ಇದ್ರೆ ಗುರುತು ಹಿಡೀಬಹುದು. ರಿಸರ್ವ್ ಒಳಗೆ ಮಾತ್ರ ಪರ್ಮಿಶನ್ ಇಲ್ದೆ ಕಟ್ಬೇಡಿ, ನಿಮ್ಮ ಬೇಲಿ ಒಳಗೇ ಇರ್ಲಿ.