ದೊಡ್ಡಮ್ಮನ ಮರೆವು, ಪುಟ್ಟಿ ಕಳಿಸಿದ ಡಬ್ಬಿ ವಿಡಿಯೊ

ಪುಟ್ಟೀ, ನೀನು ಬೆಳಿಗ್ಗೆ ಗ್ರೂಪಲ್ಲಿ ಹಾಕಿದ ವಿಡಿಯೊ ಕೊನೇವರೆಗೂ ನೋಡ್ದೆ. "ಕರುಳೇ ಎರಡನೇ ಮೆದುಳು, ಈ ಪ್ರೋಬಯಾಟಿಕ್ ಕ್ಯಾಪ್ಸೂಲ್ ತಗೊಂಡ್ರೆ ಮರೆವು ಮಾಯ, ಮನಸ್ಸು ಹಗುರ" ಅಂತಾನಲ್ಲ, ಅದೇ. ಪ್ರೋಬಯಾಟಿಕ್ ಅಂದ್ರೆ ದೇಹಕ್ಕೆ ಒಳ್ಳೇದು ಅಂತ ನುಂಗೋ ಜೀವಂತ ಬ್ಯಾಕ್ಟೀರಿಯಾ. ಕೆಳಗೆ ನೀನು "ದೊಡ್ಡಮ್ಮನಿಗೆ ಮೂರು ತಿಂಗಳಿಗೆ ಆಗೋಷ್ಟು ತರಿಸೋಣ್ವಾ" ಅಂತ ಕೇಳಿದ್ದೀಯ, ಆಗ್ಲೇ ಎಲ್ಲರೂ ಹೆಬ್ಬೆಟ್ಟು ಒತ್ತಿಬಿಟ್ಟಿದ್ದೀರಿ. ಇಷ್ಟೆಲ್ಲ ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಅದಕ್ಕೇ ವಾಯ್ಸ್ ಮೆಸೇಜು. ಉದ್ದ ಆಗುತ್ತೆ, ಸೊಪ್ಪು ಬಿಡಿಸ್ಕೊಂಡು ಕೇಳಿ.

ಅವನು ಪೂರ್ತಿ ಸುಳ್ಳು ಹೇಳ್ತಿಲ್ಲ. ತೊಂದ್ರೆ ಇರೋದೇ ಅಲ್ಲಿ.

ಕರುಳಿನಲ್ಲಿ ಆಗೋದು ತಲೆಗೆ ತಟ್ಟುತ್ತೆ ಅನ್ನೋದನ್ನ ನಾವು ಕಣ್ಣಾರೆ ಕಂಡಿದ್ದೀವಿ. ಅರಸೀಕೆರೆ ಮಾವನ ಕೊನೇ ವರ್ಷಗಳು ನೆನಪಿದ್ಯಾ? ಲಿವರ್ ಗಟ್ಟಿಯಾಗಿತ್ತು, ಸಿರೋಸಿಸ್. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಕೈ ಚಾಚಿದ್ರೆ ಪಟಪಟ ಅಂತ ಬಡ್ಕೊಳ್ತಿತ್ತು, ಮಗನನ್ನ ತಮ್ಮ ಅಂತ ಕರೀತಿದ್ರು. ಅತ್ತೆ ಮಂತ್ರವಾದಿ ಹತ್ರ ಹೊರಟಿದ್ರು. ಡಾಕ್ಟ್ರು ಕೊಟ್ಟಿದ್ದು ಏನು? ಲ್ಯಾಕ್ಟುಲೋಸ್ ಸಿರಪ್. ಭೇದಿ ಔಷಧಿ! ದಿನಕ್ಕೆ ಎರಡು ಮೂರು ಸಲ ಸಲೀಸಾಗಿ ಹೊರಗೆ ಹೋಗೋ ಹಾಗೆ ನೋಡ್ಕೊಳ್ಳಿ ಅಂದ್ರು, ಮನುಷ್ಯ ತಿಳಿಯಾದ. ನಾವು ತಿಂದ ಪ್ರೋಟೀನನ್ನ ಕರುಳಿನ ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯ ಹುಟ್ಟುತ್ತೆ. ಲಿವರ್ ಚೆನ್ನಾಗಿದ್ರೆ ಅದನ್ನ ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತೆ. ಲಿವರ್ ಕೆಟ್ಟಾಗ ಅಮೋನಿಯ ರಕ್ತದಲ್ಲಿ ಮೆದುಳಿಗೆ ಹೋಗಿ ಬುದ್ಧಿ ಮಂಕು ಮಾಡುತ್ತೆ. ಲ್ಯಾಕ್ಟುಲೋಸ್ ದೊಡ್ಡ ಕರುಳನ್ನ ಹುಳಿ ಮಾಡಿ ಅಮೋನಿಯ ರಕ್ತಕ್ಕೆ ಸೇರದ ಹಾಗೆ ಹಿಡಿದು ಹೊರಗೆ ಹಾಕುತ್ತೆ. ಕರುಳು-ಮೆದುಳಿನ ನಂಟಿನಲ್ಲಿ ಆಸ್ಪತ್ರೆಗಳು ದಿನಾ ಬಳಸೋ ಔಷಧಿ ಅಂದ್ರೆ ಇದು. ಆ ವಿಡಿಯೊದವನು ಇದರ ಹೆಸರೇ ಎತ್ತಲಿಲ್ಲ, ಯಾಕಂದ್ರೆ ಇದು ಮೆಡಿಕಲ್ ಶಾಪಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತೆ. ಹಾಗಂತ ಇದನ್ನ ದೊಡ್ಡಮ್ಮನಿಗೆ ಕುಡಿಸಬೇಡಿ ಮತ್ತೆ, ಅವ್ರ ಲಿವರ್ ಚೆನ್ನಾಗೇ ಇದೆ.

ಇನ್ನು "ಸಂತೋಷದ ಹಾರ್ಮೋನ್ ಸಿರೊಟೊನಿನ್ ಶೇಕಡ 90 ಕರುಳಲ್ಲೇ ತಯಾರಾಗುತ್ತೆ" ಅಂದ್ನಲ್ಲ, ಲೆಕ್ಕ ಸರಿ. ಆದ್ರೆ ಆ ಸಿರೊಟೊನಿನ್ ರಕ್ತದಿಂದ ಮೆದುಳಿನೊಳಗೆ ದಾಟೋದೇ ಇಲ್ಲ, ಮಧ್ಯೆ ತಡೆ ಇದೆ. ಮೆದುಳು ತನಗೆ ಬೇಕಾದ್ದನ್ನ ತಾನೇ ಮಾಡ್ಕೊಳ್ಳುತ್ತೆ. ಕರುಳಿಂದು ಮುಖ್ಯವಾಗಿ ಕರುಳಿನ ಚಲನೆಗೆ. "ನಮ್ಮ ಜೀವಕೋಶಕ್ಕಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ" ಅನ್ನೋದೂ ಹಳೇ ಮಾತು. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಮತ್ತೆ ಲೆಕ್ಕ ಹಾಕಿದ್ರು: ನಮ್ಮ ಕೋಶ ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ. ಹೆಚ್ಚು ಕಡಿಮೆ ಸಮ ಸಮ.

ಅವನು ತೋರಿಸಿದ ಇಲಿ ಕಥೆ ಮಾತ್ರ ನಿಜವಾಗ್ಲೂ ಚೆನ್ನಾಗಿದೆ. 2011ರಲ್ಲಿ ಐರ್ಲೆಂಡಿನ ಕಾರ್ಕ್ ಊರಿನ ತಂಡ ಇಲಿಗಳಿಗೆ ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್‌ನ ಜೆಬಿ-1 ಅನ್ನೋ ಬ್ಯಾಕ್ಟೀರಿಯಾ ತಳಿ ತಿನ್ನಿಸ್ತು. ಇಲಿಗಳ ಅಂಜಿಕೆ ಕಡಿಮೆಯಾಯ್ತು, ಮೆದುಳಿನ ರಾಸಾಯನಿಕವೂ ಬದಲಾಯ್ತು. ಆಮೇಲೆ ಹೊಟ್ಟೆಯಿಂದ ಮೆದುಳಿಗೆ ಹೋಗೋ ವೇಗಸ್ ನರ ಕತ್ತರಿಸಿ ನೋಡಿದ್ರು, ಪರಿಣಾಮವೇ ಇಲ್ಲ! ಅಂದ್ರೆ ಸುದ್ದಿ ಹೋಗ್ತಿದ್ದದ್ದು ಆ ನರದ ಮೂಲಕ. ಎಷ್ಟು ಅಂದವಾದ ಪ್ರಯೋಗ ನೋಡಿ, ಕ್ಲಾಸಲ್ಲಿ ಇದನ್ನ ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತೋರು. ವಿಡಿಯೊದವನು ಇಲ್ಲಿಗೇ ನಿಲ್ಲಿಸಿ ಡಬ್ಬಿ ಎತ್ತಿ ತೋರಿಸ್ದ. ಮುಂದೇನಾಯ್ತು ಗೊತ್ತಾ? 2017ರಲ್ಲಿ ಅದೇ ಕಾರ್ಕ್‌ನವರು ಅದೇ ಜೆಬಿ-1 ತಳಿಯನ್ನ 29 ಜನ ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದ್ರು. ಒತ್ತಡ, ನೆನಪು, ಯಾವುದರಲ್ಲೂ ಹೋಲಿಸಿ ನೋಡೋಕೆ ಕೊಟ್ಟ, ಬ್ಯಾಕ್ಟೀರಿಯಾ ಇಲ್ಲದ ಸಪ್ಪೆ ಕ್ಯಾಪ್ಸೂಲಿಗಿಂತ ಹೆಚ್ಚೇನೂ ಆಗಲಿಲ್ಲ. ಇಲಿಯಲ್ಲಿ ಗೆದ್ದಿದ್ದು ಮನುಷ್ಯನಲ್ಲಿ ಗೆಲ್ಲಲಿಲ್ಲ ಅಂತ ಅವರೇ ಬರೆದು ಪ್ರಕಟಿಸಿದ್ರು. ನನಗೆ ಆ ತಂಡದ ಮೇಲೆ ಗೌರವ ಜಾಸ್ತಿಯಾಗಿದ್ದೇ ಆಗ.

ಚಿಕ್ಕಪ್ಪ, ನೀವು "ಹಾಗಾದ್ರೆ ಪ್ರೋಬಯಾಟಿಕ್ ಎಲ್ಲ ಬೊಗಳೆನಾ" ಅಂತ ಕೇಳಿದ್ರಿ. ಖಂಡಿತ ಅಲ್ಲ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ಒಂದು ಅಧ್ಯಯನ ಆಯ್ತು, 2017ರಲ್ಲಿ ಪ್ರಕಟವಾಯ್ತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನ, ಅದಕ್ಕೆ ಆಹಾರವಾಗೋ ಒಂದು ಸಕ್ಕರೆ ಜೊತೆ, ಏಳು ದಿನ ಬಾಯಿಗೆ ಹಾಕಿದ್ರು. ರಕ್ತದ ನಂಜು (ಸೆಪ್ಸಿಸ್) ಅಥವಾ ಸಾವು ಶೇಕಡ 9 ಇದ್ದದ್ದು 5.4ಕ್ಕೆ ಇಳೀತು. ಅದು ಆ ಒಂದು ತಳಿ, ಆ ಒಂದು ಕೆಲಸ. ಮುಧೋಳ ನಾಯಿ ಬೇಟೆಗೆ ಓಡುತ್ತೆ ಅಂತ ಬೀದಿಯಲ್ಲಿ ಮಲಗಿರೋ ನಾಯಿಯನ್ನ ಕಾಡಿಗೆ ಕರ್ಕೊಂಡು ಹೋಗ್ತೀರಾ? ಈ ಡಬ್ಬಿ ಮೇಲೆ ಬರೀ "ಲ್ಯಾಕ್ಟೊಬ್ಯಾಸಿಲಸ್" ಅಂತಿದೆ, ಯಾವ ತಳಿ ಅಂತ ಇಲ್ಲವೇ ಇಲ್ಲ. ಇದರಿಂದ ವಯಸ್ಸಾದವರ ಮರೆವು ಹೋಯ್ತು ಅಂತ ಹೇಗೆ ನಂಬೋದು?

ಮೊಸರಿನ ವಿಷ್ಯಕ್ಕೆ ಬರ್ತೀನಿ, ಅದನ್ನ ಕೇಳದೆ ನಮ್ಮನೆಯವರು ಬಿಡಲ್ಲ. ಹೆಪ್ಪು ಹಾಕಿದ ಮೊಸರು, ನೀರು ಮಜ್ಜಿಗೆ, ರಾತ್ರಿ ನೆನೆಸಿಟ್ಟ ತಂಗಳನ್ನ, ಹುಳಿ ಬರಿಸಿದ ಅಂಬಲಿ, ಇವುಗಳಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತೆ. ಅಂಬಲಿ ಆಮೇಲೆ ಕುದಿಸಿದ್ರೆ ಸತ್ತು ಹೋಗುತ್ತೆ ಅಷ್ಟೆ. ಇಡ್ಲಿ ಹಿಟ್ಟು ಉಬ್ಬೋದು ಬ್ಯಾಕ್ಟೀರಿಯಾದಿಂದಲೇ, ಆದ್ರೆ ಹಬೆಯಲ್ಲಿ ಬೆಂದ ಮೇಲೆ ಯಾವುದೂ ಉಳಿಯಲ್ಲ. ಮಜ್ಜಿಗೆ ಹುಳಿಯೂ ಅಷ್ಟೆ. ರುಚಿಗೆ ತಿನ್ನಿ, ಯಾರು ಬೇಡ ಅಂದ್ರು. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 36 ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ವಾರ ಇಂಥ ಹುದುಗಿಸಿದ ಆಹಾರ ಹೆಚ್ಚು ಕೊಟ್ರು. ಅವ್ರ ಕರುಳಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ ಗುರುತುಗಳು ಕಡಿಮೆಯಾದವು. ಮರೆವಿಗೆ ಮದ್ದು ಹುಡುಕಿದ ಅಧ್ಯಯನ ಅಲ್ಲ ಅದು, ಆದ್ರೂ ಒಳ್ಳೇ ಸುದ್ದಿ. ಜೊತೆಗೆ ಕರುಳಿನ ಬ್ಯಾಕ್ಟೀರಿಯಾಕ್ಕೆ ಊಟ ಬೇಡ್ವಾ? ನಾರು ಅದರ ಊಟ: ರಾಗಿ, ಹುರುಳಿಕಾಳು, ಬಾಳೆದಿಂಡು, ಸೊಪ್ಪು. ದೊಡ್ಡಮ್ಮ ಈಗ ಹಲ್ಲು ನೋವು ಅಂತ ಬ್ರೆಡ್ಡು, ಬಿಸ್ಕತ್ತು, ಕಾಫಿಯಲ್ಲೇ ದಿನ ದೂಡ್ತಿದ್ದಾರೆ. ಮೊದಲು ಆ ಹಲ್ಲು ತೋರಿಸ್ರೋ!

ಈಗ ನನ್ನ ನಿಜವಾದ ಚಿಂತೆ. ದೊಡ್ಡಮ್ಮ ಹುಟ್ಟಾ ಸಸ್ಯಾಹಾರಿ. ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗ್ತಿದ್ದಾರೆ. ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಅದೂ ನಿಲ್ಲಿಸಿಲ್ಲ. ಈ ಮೂರೂ ಸೇರಿದ ಕಡೆ ಬಿ12 ವಿಟಮಿನ್ ಬೀಳೋ ಸಂಭವ ಜಾಸ್ತಿ. ಆಹಾರದಲ್ಲಿರೋ ಬಿ12 ಬಿಡಿಸ್ಕೊಳ್ಳೋಕೆ ಹೊಟ್ಟೇಲಿ ಆಮ್ಲ ಬೇಕು, ಆ ಮಾತ್ರೆ ಆಮ್ಲವನ್ನೇ ತಗ್ಗಿಸುತ್ತೆ. ಮೆಟ್‌ಫಾರ್ಮಿನ್ ಸಣ್ಣ ಕರುಳಿನ ಕೊನೇಲಿ ಅದು ಹೀರಿಕೆಯಾಗೋದಕ್ಕೆ ಅಡ್ಡ ಬರುತ್ತೆ. ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಬಿ12 ತಯಾರಿಸ್ತವೆ, ಆದ್ರೆ ಹೀರ್ಕೊಳ್ಳೋ ಜಾಗ ಅದಕ್ಕಿಂತ ಮೇಲಿದೆ, ಹಾಗಾಗಿ ನಮಗೆ ದಕ್ಕಲ್ಲ. ಬಿ12 ಕಡಿಮೆಯಾದ್ರೆ ಏನಾಗುತ್ತೆ? ಮರೆವು, ಮಂಕು, ಸಿಡಿಮಿಡಿ, ಪಾದ ಜೋಮು, ನಡಿಗೆ ತೂರಾಟ. ಯುಗಾದಿಗೆ ಬಂದಾಗ ಅವ್ರು "ಕಾಲು ಹತ್ತಿ ಮೇಲೆ ಇಟ್ಟ ಹಾಗಾಗುತ್ತೆ ಕಣೇ" ಅಂದಿದ್ರಲ್ಲ! ಬೇಗ ಗೊತ್ತಾದ್ರೆ ಇಂಜೆಕ್ಷನ್ನೋ ಮಾತ್ರೆಯೋ ಕೊಟ್ಟು ಸರಿ ಮಾಡಬಹುದು. ತಡವಾದ್ರೆ ನರಕ್ಕಾದ ಪೆಟ್ಟು ಹಾಗೇ ಉಳಿಯಬಹುದು. ಮೂರು ತಿಂಗಳು ಈ ಡಬ್ಬಿ ನಂಬ್ಕೊಂಡು ಕೂತ್ರೆ ಕಳೆಯೋದು ಆ ಸಮಯ, ಅದಕ್ಕೇ ನನಗೆ ಸಿಟ್ಟು ಬಂದಿದ್ದು.

ಇನ್ನೊಂದು, ಅವರು ನೆಗಡಿ ಅಂತ ನುಂಗೋ ನಿದ್ದೆ ಬರೋ ಮಾತ್ರೆ ಇದೆಯಲ್ಲ, ಅಂಥವೂ ವಯಸ್ಸಾದವರ ತಲೆ ಮಂಕು ಮಾಡ್ತವೆ. ಥೈರಾಯ್ಡೂ ನೋಡಿಸಬೇಕು.

ಪುಟ್ಟೀ, ಆರ್ಡರ್ ಮಾಡಿಲ್ಲ ಅಂದ್ರೆ ಮಾಡ್ಬೇಡ. ಆ ದುಡ್ಡಿಗೆ ಬಿ12, ಥೈರಾಯ್ಡ್ ಎರಡೂ ಪರೀಕ್ಷೆ ಮಾಡಿಸೋಣ. ಮೆಟ್‌ಫಾರ್ಮಿನ್ ಯಾರೂ ನಿಲ್ಲಿಸಬೇಡಿ, ಅದು ಡಾಕ್ಟ್ರು ಹೇಳಬೇಕಾದ್ದು. ದೊಡ್ಡಮ್ಮ ನುಂಗೋ ಎಲ್ಲ ಮಾತ್ರೆಗಳನ್ನೂ ಟೇಬಲ್ ಮೇಲೆ ಹರಡಿ ಫೋಟೊ ಹಾಕಿ, ಆ ಡ್ರಾಯರ್‌ನಲ್ಲಿ ಬಚ್ಚಿಟ್ಟಿರೋದೂ ಸೇರಿ. ಶನಿವಾರ ಬೆಳಿಗ್ಗೆ ಅವ್ರನ್ನ ಲ್ಯಾಬಿಗೆ ಯಾರು ಕರ್ಕೊಂಡು ಹೋಗ್ತೀರಿ, ಈಗ್ಲೇ ಹೇಳಿ. ಹೆಬ್ಬೆಟ್ಟು ಒತ್ತಿದ್ರೆ ಸಾಲದು, ಹೆಸರು ಬರೀರಿ.