ನಿಂತ ನೀರು ದಾಟಿದ ಮೇಲೆ ಎಬಿಎಸ್, ಎಂಜಿನ್ ಲೈಟ್ ಎರಡೂ ಉರೀತಾ ಉಂಟು. ಬ್ಯಾಟರಿ ವಯರ್ ತೆಗೆದು ಹಾಕಿದರೆ ಸಾಕಾ?

ಮಣಿಪಾಲ_ಮಳೆ:
ಕಾರು 2021ರ ಬಿಎಸ್6 ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿದ್ದು 38,000 ಕಿ.ಮೀ. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಂತ ನೀರು ದಾಟಿ ಬಂದದ್ದು, ಹೆಚ್ಚೆಂದರೆ ಅರ್ಧ ಟಯರಿನಷ್ಟು ನೀರು. ಎರಡು ಕಿ.ಮೀ. ಮುಂದೆ ಬರುವಷ್ಟರಲ್ಲಿ ಹಳದಿ ಎಬಿಎಸ್ (ಜೋರಾಗಿ ಬ್ರೇಕ್ ತುಳಿದರೂ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಲೈಟ್ ಬಂತು. ಎಂಜಿನ್ ಲೈಟ್ ಆಗ ಬರಲಿಲ್ಲ, ಮರುದಿನ ಬಂತು. ಅದೂ ಹಳದಿ, ಮಿಣುಕುವುದಿಲ್ಲ, ಉರಿದೇ ಇರ್ತದೆ. ಪಿಕಪ್, ಐಡಲ್, ಬ್ರೇಕ್ ಎಲ್ಲ ಮೊದಲಿನ ಹಾಗೇ ಉಂಟು.

ಬ್ಯಾಟರಿಯ ನೆಗೆಟಿವ್ ತೆಗೆದು ಅರ್ಧ ಗಂಟೆ ಬಿಟ್ಟರೆ ಎರಡೂ ಹೋಗ್ತದೆ ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದರು. ಈಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ (ಕಾರಿನ ದೋಷದ ಕೋಡ್ ಓದುವ ಸಾಧನ) ಹಾಕಿ ಮೊಬೈಲಲ್ಲಿ ನೋಡಿದರೆ ಪಿ0141 ಒಂದೇ ಕೋಡ್ ಸಿಕ್ಕಿತು. ಎಬಿಎಸ್‌ನದ್ದು ಏನೂ ತೋರಿಸುವುದಿಲ್ಲ. ಇನ್ನೂ ಅಳಿಸಿಲ್ಲ. ಅಳಿಸಲಾ? ಹೀಗೇ ಓಡಿಸಬಹುದಾ?

ಕಡಲಕರೆ_ವಯರಿಂಗ್:
ಅಳಿಸದೆ ಕೇಳಿದ್ದು ಒಳ್ಳೆಯದಾಯ್ತು ಮಾರಾಯ್ರೆ. ಕೋಡಿನ ಜೊತೆಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇನ್ನೊಂದು ದಾಖಲೆ ಇಟ್ಟಿರ್ತದೆ, ಫ್ರೀಜ್ ಫ್ರೇಮ್ ಅಂತ. ತಪ್ಪು ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು, ಕಾರಿನ ವೇಗ ಎಷ್ಟು, ಎಲ್ಲ ಅದರಲ್ಲಿ ಉಂಟು. ಆ್ಯಪಿನಲ್ಲಿ ತೆರೆದು ಸ್ಕ್ರೀನ್‌ಶಾಟ್ ತೆಗೆದಿಡಿ. ಬ್ಯಾಟರಿ ವಯರ್ ತೆಗೆದರೆ ಅದು ಹೋಗಬಹುದು, ದೋಷ ಅಲ್ಲೇ ಇರ್ತದೆ. ಜೊತೆಗೆ ಐಡಲ್ ಕಲಿಕೆ (ಕಾರು ನಿಂತಿರುವಾಗ ಎಂಜಿನ್ ಎಷ್ಟು ವೇಗದಲ್ಲಿ ತಿರುಗಬೇಕು ಎಂಬ ಲೆಕ್ಕ), ಗಡಿಯಾರ, ಕಿಟಕಿಯ ಆಟೋ ಅಪ್ ಎಲ್ಲ ಮತ್ತೆ ಹೊಂದಿಸಬೇಕು, ಕೆಲವು ಕಾರಲ್ಲಿ ಸ್ಟೀರಿಯೋ ಕೋಡ್ ಸಹ ಕೇಳ್ತದೆ. ಎಬಿಎಸ್, ಏರ್‌ಬ್ಯಾಗ್ ಕೋಡುಗಳಂತೂ ಹೆಚ್ಚಾಗಿ ಕರೆಂಟ್ ಹೋದರೂ ಅಳಿಯುವುದಿಲ್ಲ.

ನೀರು ಒಂದೇ ಆದರೂ ಈ ಎರಡು ಲೈಟಿಗೆ ಕಾರಣ ಬೇರೆ ಬೇರೆ. ಪಿ0141 ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬ) ಆಚೆ ಇರುವ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಎರಡನೇ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್. ‘ಸರ್ಕ್ಯೂಟ್’ ಎಂಬ ಮಾತು ಗಮನಿಸಿ: ಸೆನ್ಸರೇ ಹೋಗಿದೆ ಅಂತ ಅದರ ಅರ್ಥ ಅಲ್ಲ. ವಯರ್, ಕನೆಕ್ಟರ್, ಫ್ಯೂಸ್, ಹೀಟರ್ ಯಾವುದೂ ಆಗಬಹುದು. ಕೋಡ್ ಓದಿದ ಕೂಡಲೇ ಸೆನ್ಸರ್ ಆರ್ಡರ್ ಮಾಡಿ ದುಡ್ಡು ಕಳಕೊಳ್ಳುವವರೇ ಜಾಸ್ತಿ.

ಒಂದು ಸುಳಿವು ಈಗಲೇ ಸಿಕ್ಕಿದೆ. ಹೆಚ್ಚಿನ ಕಾರುಗಳಲ್ಲಿ ಎರಡೂ ಆಕ್ಸಿಜನ್ ಸೆನ್ಸರಿನ ಹೀಟರಿಗೆ ಒಂದೇ ಫ್ಯೂಸ್. ಅದು ಹಾರಿದ್ದರೆ ಮೊದಲನೇ ಸೆನ್ಸರಿನ ಪಿ0135 ಕೂಡ ಬರಬೇಕಿತ್ತು, ಬಂದಿಲ್ಲ. ಹಾಗಾಗಿ ಫ್ಯೂಸ್ ಬಾಕ್ಸ್ ಬಿಟ್ಟು ನೇರ ಕಾರಿನ ಅಡಿಗೆ ಹೋಗಿ. ಈ ಸೆನ್ಸರ್ ಸೈಲೆನ್ಸರ್ ಪೈಪಿನಲ್ಲಿ ಇರುವುದರಿಂದ ನೀರಿಗೆ ಮೊದಲು ಸಿಗುವುದು ಅದೇ. ಒಳಗಿರುವುದು ಸೆರಾಮಿಕ್. ನೂರಾರು ಡಿಗ್ರಿ ಕಾದಿರುವಾಗ ತಣ್ಣೀರು ಬಿದ್ದರೆ ಬಿರುಕು ಬಿಟ್ಟು ಹೀಟರಿನ ಎಳೆ ತುಂಡಾಗಬಹುದು.

ನೋಡುವುದು ಹೀಗೆ: ಎಂಜಿನ್ ಪೂರ್ತಿ ತಣ್ಣಗಾಗಲಿ. ಸೆನ್ಸರಿನಿಂದ ಬರುವ ನಾಲ್ಕು ವಯರಿನ ಕನೆಕ್ಟರ್ ಬಿಚ್ಚಿ. ನಾಲ್ಕರಲ್ಲಿ ಒಂದೇ ಬಣ್ಣದ ಎರಡು ವಯರ್ ಇದ್ದರೆ ಸಾಮಾನ್ಯವಾಗಿ ಅವೇ ಹೀಟರಿನವು. ಸೆನ್ಸರ್ ಕಡೆಯ ಆ ಎರಡು ಪಿನ್ ಮೇಲೆ ಮಲ್ಟಿಮೀಟರ್ ಓಮ್‌ನಲ್ಲಿ ಇಡಿ. ಹೆಚ್ಚಿನವು 5ರಿಂದ 15 ಓಮ್ ಒಳಗೆ ತೋರಿಸ್ತವೆ. ಮೀಟರ್ ‘ಓಎಲ್’ ಅಂದರೆ ಹೀಟರ್ ತುಂಡಾಗಿದೆ ಅಂತ. ಓಮ್ ಸರಿ ಇದ್ದರೆ ಕಾರಿನ ಕಡೆಯ ಕನೆಕ್ಟರಿನಲ್ಲಿ ಎಂಜಿನ್ ಸ್ಟಾರ್ಟ್ ಇಟ್ಟು 12 ವೋಲ್ಟ್ ಬರ್ತದಾ ನೋಡಿ. ಬರದಿದ್ದರೆ ವಯರ್ ಹಿಡಿದು ಹುಡುಕಬೇಕು. ಇಲಿ ಕಚ್ಚಿದ್ದೂ ಇರಬಹುದು. ತೋಟದ ಮನೆಯ ಕಾರಾದರೆ ಅದನ್ನೇ ಮೊದಲು ನೋಡಿ.

ಎಂಜಿನ್ ಲೈಟ್ ಮರುದಿನ ಬಂದದ್ದರಲ್ಲಿ ವಿಚಿತ್ರ ಇಲ್ಲ. ಇಂಥ ಕೋಡಿಗೆ ಇಸಿಯು ಸಾಮಾನ್ಯವಾಗಿ ಸತತ ಎರಡು ಓಟದಲ್ಲಿ ತಪ್ಪು ಕಂಡ ಮೇಲೆಯೇ ಲೈಟ್ ಹಾಕ್ತದೆ. ದೋಷ ಸರಿಯಾದರೆ ಅಳಿಸದೇ ಬಿಟ್ಟರೂ ಮೂರು ಒಳ್ಳೆಯ ಓಟದ ನಂತರ ಲೈಟ್ ತಾನಾಗಿ ಆರುತ್ತದೆ.

ಓಡಿಸಬಹುದಾ ಅಂದರೆ, ಹೌದು. ಇಂಧನದ ಲೆಕ್ಕ ಹೆಚ್ಚಾಗಿ ಮೊದಲನೇ ಸೆನ್ಸರಿನದ್ದು, ಎರಡನೆಯದು ಕನ್ವರ್ಟರ್ ಕೆಲಸ ಮಾಡ್ತದಾ ಅಂತ ಕಾಯುವುದು. ಆದರೆ ಇದೇ ಹಳದಿ ಲೈಟ್ ಮಿಣುಕಲು ಶುರುವಾದರೆ ಕಥೆ ಬೇರೆ. ಅದು ಮಿಸ್‌ಫೈರ್. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಟ್ಟು ಅದನ್ನೇ ಕರಗಿಸ್ತದೆ. ಆಗ ಆ್ಯಕ್ಸಿಲರೇಟರ್ ಬಿಟ್ಟು ಬದಿಗೆ ನಿಲ್ಲಿಸಬೇಕು.

ಎಬಿಎಸ್, ಆಕ್ಸಿಜನ್ ಸೆನ್ಸರ್ ಎರಡರ ಕನೆಕ್ಟರಿಗೂ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಡೈಎಲೆಕ್ಟ್ರಿಕ್ ಗ್ರೀಸ್ (ಕನೆಕ್ಟರಿಗೆ ನೀರು ಹೋಗದಂತೆ ಹಚ್ಚುವ ಗ್ರೀಸ್) ಹಚ್ಚಿ ಮುಚ್ಚಿ. ಉಪ್ಪುಗಾಳಿಯ ಊರಿಗೆ ಅದು ಬೇಕು.

ಪಡುಬಿದ್ರಿ_ಸ್ಪ್ಯಾನರ್:
ಕೊನೆಯ ಸಾಲಿಗೆ ಮಾತ್ರ ನನ್ನ ತಕರಾರು ಉಂಟು. ಎಬಿಎಸ್ ಕನೆಕ್ಟರಿಗೆ ಗ್ರೀಸ್ ಸರಿ, ಆಕ್ಸಿಜನ್ ಸೆನ್ಸರಿನ ಕನೆಕ್ಟರಿಗೆ ಬೇಡವೇ ಬೇಡ. ಆ ಸೆನ್ಸರಿಗೆ ಹೋಲಿಸಿ ನೋಡಲು ಹೊರಗಿನ ಗಾಳಿ ಬೇಕು, ಹಲವು ಸೆನ್ಸರುಗಳು ಆ ಗಾಳಿಯನ್ನು ವಯರಿನ ಎಳೆಗಳ ನಡುವಿನಿಂದಲೇ ಎಳೆದುಕೊಳ್ತವೆ. ಅಲ್ಲಿ ಗ್ರೀಸ್ ಅಥವಾ ಸ್ಪ್ರೇ ಹೋದರೆ ಉಸಿರು ಕಟ್ಟಿ ರೀಡಿಂಗ್ ತಪ್ಪುತ್ತದೆ. ವಯರ್ ತುಂಡಾದರೆ ಬೆಸುಗೆ ಹಾಕಬೇಡಿ ಅನ್ನುವುದೂ ಅದಕ್ಕೇ, ಕ್ರಿಂಪ್ ಮಾಡಬೇಕು (ಲೋಹದ ತುಂಡಿನಲ್ಲಿ ಒತ್ತಿ ಜೋಡಿಸುವುದು). ಆ ಕನೆಕ್ಟರನ್ನು ಗಾಳಿ ಹೊಡೆದು ಒಣಗಿಸಿ, ಅಷ್ಟು ಸಾಕು.

ಈಗ ಎಬಿಎಸ್. ನಿಮ್ಮ ಅಡಾಪ್ಟರಿನಲ್ಲಿ ಕೋಡ್ ಸಿಗದ್ದು ದೋಷ ಇಲ್ಲ ಅಂತಲ್ಲ. ಸಾಮಾನ್ಯ ಆ್ಯಪ್ ಓದುವುದು ಎಂಜಿನ್ ಇಸಿಯು ಮಾತ್ರ, ಎಬಿಎಸ್‌ನದ್ದು ‘ಸಿ’ಯಿಂದ ಶುರುವಾಗುವ ಕೋಡ್, ಬೇರೆ ಕಂಟ್ರೋಲರ್. ಎಲ್ಲ ಸಿಸ್ಟಮ್ ಓದುವ ಸ್ಕ್ಯಾನರ್ ಇರುವ ಕಡೆ ಹೋಗಿ, ಕೋಡ್ ಒಂದೇ ಅಲ್ಲ, ಲೈವ್ ಡಾಟಾ ಕೇಳಿ. 20 ಕಿ.ಮೀ. ವೇಗದಲ್ಲಿ ಓಡಿಸುವಾಗ ನಾಲ್ಕೂ ಚಕ್ರ ಹತ್ತಿರ ಹತ್ತಿರ ಒಂದೇ ಲೆಕ್ಕ ತೋರಿಸಬೇಕು. ಒಂದು ಸೊನ್ನೆ ತೋರಿಸಿದರೆ ಅಥವಾ ಜಿಗಿದಾಡಿದರೆ ಕಳ್ಳ ಅದೇ.

ಆ ಚಕ್ರ ಬಿಚ್ಚಿ, ಜಾಕ್ ಜೊತೆಗೆ ಸ್ಟ್ಯಾಂಡ್ ಸಹ ಇಟ್ಟು. ಚಕ್ರದ ವೇಗ ಅಳೆಯುವ ಎಬಿಎಸ್ ಸೆನ್ಸರನ್ನು ಹೆಚ್ಚಾಗಿ 10 ಎಂಎಂ ಬೋಲ್ಟ್ ಒಂದು ಹಿಡಿದಿರ್ತದೆ. ನಮ್ಮ ಕರಾವಳಿಯ ಕಾರಲ್ಲಿ ಬೋಲ್ಟ್ ಬಂದರೂ ಸೆನ್ಸರ್ ಬರುವುದಿಲ್ಲ, ತುಕ್ಕು ಕಚ್ಚಿಕೊಂಡಿರ್ತದೆ. ಕಟಿಂಗ್ ಪ್ಲೇಯರ್ ಹಾಕಿ ತಿರುಚಿದರೆ ಪ್ಲಾಸ್ಟಿಕ್ ಮೂತಿ ಒಳಗೇ ಮುರಿದು ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, ನಿಧಾನ ಆಚೀಚೆ ಆಡಿಸಿ. ಆಗಲೂ ಬಾರದಿದ್ದರೆ ಅಲ್ಲೇ ಬಿಡಿ, ಎದುರಿನ ರಿಂಗ್ (ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಬಳೆ) ಮತ್ತು ಕನೆಕ್ಟರ್ ಮಾತ್ರ ತೊಳೆಯಿರಿ. ಅರ್ಧದಷ್ಟು ಕೇಸು ಅಷ್ಟಕ್ಕೇ ಮುಗೀತದೆ ಅಂತ ನನ್ನ ಅಂದಾಜು. ಕನೆಕ್ಟರಿನ ಪಿನ್ ಮೇಲೆ ಹಸಿರು ಬೂಷ್ಟಿನ ಹಾಗೆ ಕಂಡರೆ ಅದು ತಾಮ್ರ ತಿಂದ ಉಪ್ಪು. ಕಾಂಟ್ಯಾಕ್ಟ್ ಕ್ಲೀನರ್, ಸಣ್ಣ ಬ್ರಷ್, ಒಣಗಿದ ಮೇಲೆ ಗ್ರೀಸ್. ಮಾಮೂಲಿ ನೀಲಿ ಡಬ್ಬದ ಡಬ್ಲ್ಯುಡಿ-40 ಕಾಂಟ್ಯಾಕ್ಟ್ ಕ್ಲೀನರ್ ಅಲ್ಲ, ಎಣ್ಣೆ ಪದರ ಬಿಟ್ಟು ಧೂಳು ಹಿಡಿಸ್ತದೆ.

ಸರಿ ಮಾಡಿದ ಮೇಲೂ ಕೀ ಹಾಕಿದಾಗ ಲೈಟ್ ಆರದಿದ್ದರೆ ಗಾಬರಿ ಬೇಡ. ಕೆಲವು ಕಾರಲ್ಲಿ ಸ್ವಲ್ಪ ದೂರ ಓಡಿಸಿ, ಚಕ್ರದ ಲೆಕ್ಕ ಸರಿ ಅಂತ ಖಾತ್ರಿಯಾದ ಮೇಲೆಯೇ ಆರುತ್ತದೆ.

ಅಲ್ಲಿವರೆಗೆ ಮಾಮೂಲಿ ಬ್ರೇಕ್ ಇರ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಿ ಜಾರಬಹುದು. ಆಗುಂಬೆ, ಚಾರ್ಮಾಡಿ ಕಡೆ ಹೋಗುವ ಯೋಚನೆ ಇದ್ದರೆ ಮುಂದೆ ಹಾಕಿ. ಹಳದಿ ಎಬಿಎಸ್ ಜೊತೆ ಕೆಂಪು ಬ್ರೇಕ್ ಲೈಟೂ ಬಂದರೆ ಓಡಿಸಲೇಬೇಡಿ. ಬ್ರೇಕ್ ಆಯಿಲ್ ಕಡಿಮೆ ಇರಬಹುದು, ಅಥವಾ ಹಿಂದಿನ ಮುಂದಿನ ಚಕ್ರಕ್ಕೆ ಬಲ ಹಂಚುವ ಇಬಿಡಿಯೂ ನಿಂತಿರಬಹುದು.

ಘಾಟಿ_ಡೀಸೆಲ್:
ನಡುವೆ ಬಾಯಿ ಹಾಕ್ತೇನೆ. ಬಿಎಸ್6 ಡೀಸೆಲಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಬಂದಾಗ ಸ್ಕ್ಯಾನರಿನಲ್ಲಿ ಅಳಿಸಿದರೆ ಆಗ್ತದಾ? ಓಡಾಟ ಎಲ್ಲ ಉಡುಪಿ ಪೇಟೆಯೊಳಗೆ.

ಕಡಲಕರೆ_ವಯರಿಂಗ್:
ಅಳಿಸುವುದರಿಂದ ಮಸಿ ಎಲ್ಲಿಗೂ ಹೋಗುವುದಿಲ್ಲ ಅಣ್ಣ. ಪೇಟೆ ಓಟದಲ್ಲಿ ಸೈಲೆನ್ಸರ್ ಸಾಕಷ್ಟು ಕಾಯದೆ ಫಿಲ್ಟರಿನಲ್ಲಿ ಮಸಿ ಕೂತಿದೆ, ಅದನ್ನು ಸುಡಬೇಕು. ಹೆದ್ದಾರಿ 66ರಲ್ಲಿ ಕಾಪು, ಪಡುಬಿದ್ರಿ ಕಡೆಗೆ 60 ಕಿ.ಮೀ.ಗಿಂತ ಮೇಲೆ, 2,000 ಆರ್‌ಪಿಎಂ ಆಸುಪಾಸಿನಲ್ಲಿ 15-20 ನಿಮಿಷ ನಿಲ್ಲಿಸದೆ ಓಡಿಸಿ, ಬೇಕಾದರೆ ಒಂದು ಗೇರ್ ಕೆಳಗೆ ಇಟ್ಟು. ನಿಖರ ವೇಗ ಮಾನ್ಯುವಲಿನಲ್ಲಿ ಇರ್ತದೆ. ನಡುವೆ ಎಂಜಿನ್ ಆಫ್ ಮಾಡಬೇಡಿ. ಸುಡುವ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಹೆಚ್ಚುವರಿ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರ್ತದೆ. ಆಯಿಲ್ ಹೆಚ್ಚಾಯ್ತು ಅಂತ ಖುಷಿಪಡುವ ವಿಷಯ ಅಲ್ಲ ಅದು, ಬದಲಿಸಬೇಕು. ಡಿಪಿಎಫ್ ಜೊತೆ ಎಂಜಿನ್ ಲೈಟೂ ಬಂದಿದ್ದರೆ ಈ ಪ್ರಯೋಗ ಬೇಡ, ಸರ್ವಿಸ್‌ನಲ್ಲಿ ಸ್ಕ್ಯಾನರ್ ಮೂಲಕ ಸುಡಿಸಬೇಕು.

ಮಣಿಪಾಲ_ಮಳೆ:
ನೋಡಿದ್ದಾಯ್ತು. ಪಿ0141 ಸೆನ್ಸರಿನ ಹೀಟರ್ ಪಿನ್‌ಗಳಲ್ಲಿ ಮೀಟರ್ ಓಎಲ್. ಕಾರಿನ ಕಡೆ 12 ವೋಲ್ಟ್ ಬರ್ತಾ ಉಂಟು. ಎಬಿಎಸ್ ಲೈವ್ ಡಾಟಾದಲ್ಲಿ ಹಿಂದಿನ ಎಡ ಚಕ್ರ ಸೊನ್ನೆ ತೋರಿಸ್ತಿತ್ತು. ಕನೆಕ್ಟರ್ ಪೂರ್ತಿ ಹಸಿರು. ತೊಳೆದು ಗ್ರೀಸ್ ಹಚ್ಚಿದ ಮೇಲೆ ರಸ್ತೆಗೆ ಇಳಿಸಿದ ಕೂಡಲೇ ಲೈಟ್ ಹೋಯ್ತು. ಆಕ್ಸಿಜನ್ ಸೆನ್ಸರ್ ನಾನೇ ಬದಲಿಸಬಹುದಾ? ಆನ್‌ಲೈನಲ್ಲಿ ವಯರ್ ಜೋಡಿಸುವ ಯೂನಿವರ್ಸಲ್ ಸೆನ್ಸರ್ ಅಗ್ಗಕ್ಕೆ ಉಂಟು.

ಪಡುಬಿದ್ರಿ_ಸ್ಪ್ಯಾನರ್:
ಯೂನಿವರ್ಸಲ್ ಬೇಡ, ಈ ಊರಿನ ಮಳೆಗೆ ಜೋಡಿಸಿದ ಜಾಗದಲ್ಲೇ ಮೊದಲು ನೀರು ಹೋಗ್ತದೆ. ನಿಮ್ಮ ಕಾರಿನ ಪಾರ್ಟ್ ನಂಬರಿನ, ಕನೆಕ್ಟರ್ ಸಮೇತ ಬರುವ ಸೆನ್ಸರೇ ತಗೊಳ್ಳಿ. ಕೇಳುವಾಗ ‘ಎರಡನೆಯದು, ಕನ್ವರ್ಟರ್ ಆಚೆಯದ್ದು’ ಅಂತ ಒತ್ತಿ ಹೇಳಿ, ಎರಡೂ ನೋಡಲಿಕ್ಕೆ ಒಂದೇ ಥರ, ವಯರಿನ ಉದ್ದ ಬೇರೆ.

ಬಿಚ್ಚಲು 22 ಎಂಎಂ, ಬದಿಯಲ್ಲಿ ಸೀಳಿರುವ ಸಾಕೆಟ್ ಬೇಕು. ಎಂಜಿನ್ ಐದು ನಿಮಿಷ ಓಡಿಸಿ ಪೈಪ್ ಬೆಚ್ಚಗಿರುವಾಗ, ಕೈಗವಸು ಹಾಕಿ ಬಿಚ್ಚಿ. ಪೂರ್ತಿ ತಣ್ಣಗಿದ್ದರೆ ಥ್ರೆಡ್ ಕಿತ್ತು ಬರುವ ಭಯ ಉಂಟು. ಹೊಸದರ ಥ್ರೆಡ್ಡಿಗೆ ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಮೊದಲೇ ಹಚ್ಚಿ ಬಂದಿದ್ದರೆ ಮತ್ತೆ ಹಚ್ಚಬೇಡಿ. ಮೂತಿಗೆ ಕೈ, ಎಣ್ಣೆ, ಸಿಲಿಕೋನ್ ಯಾವುದೂ ತಾಗಬಾರದು. ಕೈಯಲ್ಲಿ ಕೊನೆವರೆಗೆ ತಿರುಗಿಸಿ ಆಮೇಲೆ ಸಾಕೆಟ್, 40-45 ನ್ಯೂಟನ್ ಮೀಟರ್ ಸಾಕು. ಹಳೆಯ ಕ್ಲಿಪ್ಪುಗಳಲ್ಲೇ ವಯರ್ ಕೂರಿಸಿ, ಜೋತು ಬಿದ್ದು ಪೈಪಿಗೆ ತಾಗಿದರೆ ಕವಚ ಕರಗಿ ಶಾರ್ಟ್ ಆಗ್ತದೆ, ಆಗ ಆ ಫ್ಯೂಸೂ ಹಾರ್ತದೆ.

ಇಷ್ಟೆಲ್ಲ ಆದ ಮೇಲೆ ಈಗ ಅಳಿಸಿ: ಕೀ ಆನ್, ಎಂಜಿನ್ ಆಫ್, ಆ್ಯಪಿನಲ್ಲಿ ಕ್ಲಿಯರ್. ಎರಡು ಮೂರು ದಿನ ಓಡಿಸಿ ‘ಪೆಂಡಿಂಗ್’ ಕೋಡ್ ವಿಭಾಗ ತೆರೆದು ನೋಡಿ, ಲೈಟ್ ಬರುವ ಮೊದಲೇ ಅಲ್ಲಿ ಕಾಣ್ತದೆ.